ಹದಿನಾರು ಗೇರಿನ ಲೆಕ್ಕ

ಬಳ್ಳಾರಿಯಲ್ಲಿ ಬಾಗಿದ ಹ್ಯಾಂಡಲ್ಲಿನ ಸೈಕಲ್ ತಗೊಂಡು ಎಲ್ಲೇ ನಿಲ್ಲಿ, ಮೊದಲ ಪ್ರಶ್ನೆ ಇದೇ: ‘ಅಣ್ಣ, ಎಷ್ಟು ಗೇರ್ ಐತೆ?’ ಎರಡನೆಯದು ರೇಟು. ಮೂರನೆಯದು, ‘ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಬೈಕೇ ಬರ್ತಿತ್ತಲ್ಲ?’ ಮೋಕಾ ರಸ್ತೆಯಲ್ಲಿ ವಗ್ಗಾಣಿ ಮಿರ್ಚಿ ತಿನ್ನಲು ನಿಂತಾಗಲೂ ಇದೇ, ಸಿರುಗುಪ್ಪ ಕಡೆ ಕಾಲುವೆ ಪಕ್ಕ ನಿಂತಾಗಲೂ ಇದೇ. ಹದಿನಾರು ಅಂದರೆ ಕೇಳಿದವರ ಮುಖ ಸ್ವಲ್ಪ ಇಳಿಯುತ್ತದೆ. ಯಾಕಂದ್ರೆ ಅವರ ಮನೆ ಹುಡುಗನ ಸೈಕಲ್ಲಿಗೆ ಮುಂದೆ ಮೂರು, ಹಿಂದೆ ಏಳು, ಒಟ್ಟು 21 ಗೇರ್ ಇರುತ್ತದೆ. ‘ನಮ್ಮ ಹುಡುಗಂದೇ ಇಪ್ಪತ್ತೊಂದೈತೆ, ನಿಮ್ದು ಇಷ್ಟು ರೇಟಿಗೆ ಹದಿನಾರೇನಾ?’ ಇದಕ್ಕೆ ಏನು ಉತ್ತರ ಕೊಡೋದು?

ಟೀ ಅಂಗಡಿ ಮುಂದೆ ಕೇಳುವವರನ್ನು ನೋಡಿ ನಗುವುದು ಸುಲಭ. ಆದರೆ ಸೈಕಲ್ ಓಡಿಸುವವರು ಕೇಳುವುದೂ ಅದನ್ನೇ ಅಲ್ವಾ? ಮಾತು ಬೇರೆ, ಅಷ್ಟೇ. ‘ನಿಂದು ಕ್ಲಾರಿಸ್ಸಾ? ಎಂಟು ಸ್ಪೀಡು. ಸೋರಾಕ್ಕೆ ಹೋಗು, ಒಂಬತ್ತು. ಟಿಯಾಗ್ರಾ ಹತ್ತು. ಮಾಡೋದಿದ್ರೆ 105 ಮಾಡಿಬಿಡು, ಮತ್ತೆ ತಲೆನೋವೇ ಇರಲ್ಲ.’ ಇವೆಲ್ಲ ಶಿಮಾನೊ ಕಂಪನಿಯ ಗೇರ್ ಸೆಟ್‌ಗಳ ಹೆಸರು, ಸ್ಪೀಡು ಅಂದರೆ ಹಿಂದಿನ ಗೇರುಗಳ ಎಣಿಕೆ. ಏಣಿಯ ಮೆಟ್ಟಿಲು ತೋರಿಸುವವರು ಸುತ್ತ ಇದ್ದೇ ಇರುತ್ತಾರೆ. ಮೇಲೆ ಹೋದರೆ ಏನು ಸಿಗುತ್ತದೆ ಅಂತ ಕೇಳಿದರೆ ಮಾತ್ರ ‘ಸ್ಮೂತ್ ಇರ್ತದೆ’ ಅಂತಾರೆ. ಸ್ಮೂತ್ ಇರೋದು ನಿಜ. ಆದರೆ ನನ್ನ ಮೊಣಕಾಲು ಕೇಳುತ್ತಿದ್ದದ್ದು ಸ್ಮೂತ್ ಅಲ್ಲ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಕರೆಂಟ್ ಹೋಗಿತ್ತು. ಹೊರಗೆ ನಲವತ್ತರ ಮೇಲೆ ಬಿಸಿಲು. ಮಾಡಲು ಬೇರೆ ಕೆಲಸವಿಲ್ಲದೆ ಸೈಕಲ್ಲಿನ ಹಲ್ಲು ಎಣಿಸುತ್ತಾ ಕೂತೆ. ಮುಂದೆ ಎರಡು ಚೈನ್‌ವೀಲ್, 50 ಹಲ್ಲಿನದು ಒಂದು, 34ರದು ಒಂದು. ಹಿಂದೆ ಹಲ್ಲುಚಕ್ರ ಎಂಟು: 11, 13, 15, 17, 19, 21, 24, 28. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಅಂತ ಗೊತ್ತಾಗುತ್ತದೆ. ಮಗಳ ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹದಿನಾರನ್ನೂ ಬರೆದೆ. 50ನ್ನು 19ರಿಂದ ಭಾಗಿಸಿದರೆ 2.63. 34ನ್ನು 13ರಿಂದ ಭಾಗಿಸಿದರೆ 2.62. ಎರಡೂ ಒಂದೇ ಆಯ್ತಲ್ಲ! 50ಕ್ಕೆ 28 ಹಾಕಿದರೆ 1.79, 34ಕ್ಕೆ 19 ಹಾಕಿದರೂ 1.79. ಹೀಗೆ ಹೋಲಿಸುತ್ತಾ ಹೋದರೆ ಚಿಕ್ಕ ಚೈನ್‌ವೀಲಿನ ಎಂಟರಲ್ಲಿ ಐದು ಗೇರು ದೊಡ್ಡದರಲ್ಲಿ ಆಗಲೇ ಹೆಚ್ಚುಕಡಿಮೆ ಇರುವಂಥವೇ. ಹೊಸದಾಗಿ ಸಿಗುವುದು ಕೊನೆಯ ಮೂರು ಮಾತ್ರ, 34ರ ಜೊತೆ 21, 24, 28. ಅಂದರೆ ಹದಿನಾರು ಅಂತ ಹೇಳಿಕೊಂಡು ತಿರುಗುತ್ತಿದ್ದ ಸೈಕಲ್ಲಿನಲ್ಲಿ ನಿಜವಾಗಿ ಇದ್ದದ್ದು ಹನ್ನೊಂದು. ಹುಡುಗನ 21ರ ಕಥೆಯೂ ಇದೇ. ಅವನಿಗೆ ಯಾಕೆ ಹೇಳಬೇಕು, ಖುಷಿಯಾಗಿರಲಿ.

ಗೇರು ಎಷ್ಟಿವೆ ಅನ್ನುವುದು ಬಿಟ್ಟು ಎರಡು ತುದಿಗಳನ್ನು ನೋಡಿದರೆ ಕಥೆ ಬೇರೆ. ಭಾರದ ತುದಿ 50ಕ್ಕೆ 11. ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಒಂಬತ್ತೂವರೆ ಮೀಟರ್ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 51 ಕಿ.ಮೀ. ವೇಗ. ಹೊಸಪೇಟೆ ರಸ್ತೆಯಲ್ಲಿ ಅಷ್ಟು ವೇಗದಲ್ಲಿ ಹೋಗುವುದು ನನ್ನನ್ನು ದಾಟುವ ಬಸ್ಸು. ಹಗುರದ ತುದಿ 34ಕ್ಕೆ 28, ಸುತ್ತಿಗೆ ಎರಡೂವರೆ ಮೀಟರ್. ಇದೇ ಕೊನೆ. ಇದಕ್ಕಿಂತ ಹಗುರ ಬೇಕೆಂದರೆ ಇಳಿದು ತಳ್ಳಬೇಕು. ಹೊಸಬರಿಗೆ ಅಂತ ಮಾರುವ ಸೈಕಲ್ಲಿನಲ್ಲಿ ರೇಸಿನವರಿಗೆ ಬೇಕಾದ ತುದಿ ಇದೆ, ಹೊಸಬರಿಗೆ ಬೇಕಾದ ತುದಿ ಇಲ್ಲ. ನನ್ನನ್ನು ಬಿಡದೆ ಕಾಡಿದ್ದು ಇದು.

ಸಂಡೂರಿನ ಏರು

ಬಳ್ಳಾರಿ ಸಪಾಟು ಊರು ಅಂತ ಹೊರಗಿನವರು ತಿಳಿದಿದ್ದಾರೆ. ಊರೊಳಗೆ ಕೋಟೆ ಇರುವ ಬಳ್ಳಾರಿ ಗುಡ್ಡ, ಕುಂಬಾರಗುಡ್ಡ ಇದ್ದರೂ ಅವು ಕಾಲಲ್ಲಿ ಹತ್ತುವಂಥವು. ಸಂಗನಕಲ್ಲಿನ ಗುಡ್ಡಗಳೂ ಅಷ್ಟೇ. ಸೈಕಲ್ಲಿಗೆ ಏರು ಬೇಕೆಂದರೆ ಸಂಡೂರಿಗೆ ಹೋಗಬೇಕು. ಕುಡಿತಿನಿ, ತೋರಣಗಲ್ಲು ದಾಟಿ ಎಡಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿಗೆ ಬೆಟ್ಟಗಳು ಎದುರಾಗುತ್ತವೆ. ಒಂದು ಕಡೆ ಕುಮಾರಸ್ವಾಮಿ ಗುಡಿಯ ಬೆಟ್ಟ, ಇನ್ನೊಂದು ಕಡೆ ರಾಮಗಡ. ಬಳ್ಳಾರಿಯಲ್ಲಿದ್ದ ಬ್ರಿಟಿಷ್ ಸೈನಿಕರು ಬೇಸಿಗೆ ತಡೆಯಲಾರದೆ ಹೋಗಿ ಇರುತ್ತಿದ್ದ ಜಾಗ ರಾಮಗಡ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರ. ನಮ್ಮ ಕಡೆಯವರಿಗೆ ಗಿರಿಧಾಮ ಅಂದರೆ ಊಟಿ, ಇದು ಇಲ್ಲೇ ಇದೆ ಅನ್ನುವುದು ಎಷ್ಟೋ ಜನಕ್ಕೆ ಮರೆತೇ ಹೋಗಿದೆ.

ಕುಮಾರಸ್ವಾಮಿ ಬೆಟ್ಟದ ದಾರಿಯಲ್ಲಿ ಒಂದು ತಿರುವು. ಮಳೆ ಬಿದ್ದು ಸ್ವಲ್ಪ ದಿನವಾಗಿತ್ತು. ಎರಡೂ ಕಡೆ ಹಸಿರು, ರಸ್ತೆ ಅಂಚಿಗೆ ಕೆಂಪು ಕೆಸರು. ಚೈನು 28ರ ಮೇಲೆ ಕೂತಾಗಿತ್ತು. ಅಭ್ಯಾಸಬಲದಿಂದ ಬೆರಳು ಲಿವರನ್ನು ಮತ್ತೆ ಒತ್ತುತ್ತಿತ್ತು, ಆ ಕಡೆ ಏನೂ ಇರಲಿಲ್ಲ. ಹಿಂದಿನಿಂದ ಜಲ್ಲಿ ತುಂಬಿದ ಟಿಪ್ಪರ್ ಒಂದು ಬಂತು. ತಿರುವಿಗೆ ಬರುವಷ್ಟರಲ್ಲಿ ಅದರ ದಮ್ಮೂ ಮುಗಿದಿತ್ತು. ಡ್ರೈವರ್ ಕ್ಲಚ್ ಒತ್ತಿ ಫಸ್ಟ್ ಗೇರಿಗೆ ಹಾಕಿದ. ಗಾಡಿ ಒಮ್ಮೆ ಜಗ್ಗಿ, ಆಮೇಲೆ ನಡೆಯುವವರ ವೇಗದಲ್ಲಿ ಗುರ್ರ್ ಅಂತ ಹತ್ತತೊಡಗಿತು. ನಾನೂ ಅದೂ ಅಕ್ಕಪಕ್ಕ. ಕ್ಲೀನರ್ ಹುಡುಗ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ‘ಅಣ್ಣ, ಹಿಂದೆ ಹಗ್ಗ ಐತೆ ನೋಡು, ಹಿಡ್ಕೋ, ಮ್ಯಾಲಕ್ಕೆ ಬಿಡ್ತೀವಿ’ ಅಂದ. ಬೇಡ ಅಂತ ತಲೆ ಆಡಿಸಿದೆ. ಮಾತಾಡುವಷ್ಟು ಉಸಿರು ಇರಲಿಲ್ಲ. ಎಡ ಮೊಣಕಾಲಿನ ಒಳಗಡೆ ಪ್ರತಿ ಸುತ್ತಿಗೂ ಒಂದು ಚುಚ್ಚು. ಟಿಪ್ಪರ್ ಮುಂದೆ ಹೋಯಿತು, ನಾನು ಇಳಿದೆ.

ತಳ್ಳಿಕೊಂಡು ಹೋಗುವಾಗ ಯೋಚನೆ ಮಾಡಲು ಬೇಕಾದಷ್ಟು ಸಮಯ ಸಿಗುತ್ತದೆ. ಆ ಡ್ರೈವರ್ ಫಸ್ಟ್ ಗೇರಿಗೆ ಹಾಕುವಾಗ ಒಂದು ಕ್ಷಣವೂ ಅನುಮಾನಿಸಲಿಲ್ಲ. ಲೋಡ್ ಇದೆ, ಏರು ಇದೆ, ಫಸ್ಟ್ ಹಾಕಬೇಕು. ಅದರಲ್ಲಿ ಮಾನ ಮರ್ಯಾದೆಯ ಪ್ರಶ್ನೆಯೇ ಇಲ್ಲ. ಸೈಕಲ್ಲಿನವರಿಗೆ ಮಾತ್ರ ಹಗುರ ಗೇರು ಅಂದರೆ ಯಾಕೋ ಸಂಕೋಚ. ಹಿಂದೆ ದೊಡ್ಡ ತಟ್ಟೆಯಷ್ಟು ಅಗಲದ ಹಲ್ಲು ಕಂಡರೆ ‘ಏನ್ರೀ, ಎಂಟಿಬಿ ಮಾಡ್ಕೊಂಡೀರಿ’ ಅಂತ ಗುಂಪಿನಲ್ಲಿ ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ. ಎಂಟಿಬಿ ಅಂದರೆ ಬೆಟ್ಟದ ಸೈಕಲ್, ಮೌಂಟನ್ ಬೈಕು.

ಈ ಸಂಕೋಚಕ್ಕೆ ನೂರು ವರ್ಷ ಮೀರಿದ ಇತಿಹಾಸ ಇದೆ. 1902ರಲ್ಲಿ ಫ್ರಾನ್ಸಿನ ಬೆಟ್ಟದ ರಸ್ತೆಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಮಾರ್ಥ್ ಹೆಸ್ಸ್ ಅನ್ನುವ ಮಹಿಳೆ ಮೂರು ಗೇರಿನ ಸೈಕಲ್ಲಿನಲ್ಲಿ, ಒಂದೇ ಗೇರಿನ ಸೈಕಲ್ ತುಳಿದ ಚಾಂಪಿಯನ್ನನ್ನು ಸೋಲಿಸಿದಳು. ಅಲ್ಲಿಗೆ ವಾದ ಮುಗಿಯಬೇಕಿತ್ತು. ಆದರೆ ಮರುವರ್ಷ ಟೂರ್ ಡಿ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್ ಏನು ಬರೆದ ಗೊತ್ತಾ? ಗೇರು ಬದಲಿಸುವುದೆಲ್ಲ 45 ದಾಟಿದವರಿಗೆ, ಗೆದ್ದರೆ ಸ್ನಾಯುಬಲದಿಂದ ಗೆಲ್ಲಬೇಕು ಅಂತ. ಅವನ ರೇಸಿನಲ್ಲಿ ಡಿರೇಲರ್‌ಗೆ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನಕ್ಕೆ, ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಚಕ್ರದ ಒಂದು ಪಕ್ಕ ಚಿಕ್ಕ ಹಲ್ಲು, ಇನ್ನೊಂದು ಪಕ್ಕ ದೊಡ್ಡದು. ದೆಗ್ರಾಂಜ್ ಸಾಹೇಬರು ಹಾಕಿದ ವಯಸ್ಸಿನ ಗೆರೆಗೆ ನಾನೂ ಹತ್ತಿರ ಬಂದಿದ್ದೇನೆ. ನನಗಂತೂ ಅವರ ಪರ್ಮಿಷನ್ ಸಿಕ್ಕ ಹಾಗೇ.

ಏಣಿ ಹತ್ತುವುದೋ, ಹಲ್ಲು ಬದಲಿಸುವುದೋ

ಎಂಟರಿಂದ ಹತ್ತಕ್ಕೆ ಹೋಗಬೇಕೆಂದರೆ ಎರಡೂ ಲಿವರ್, ಹಿಂದಿನ ಡಿರೇಲರ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಚೈನು ಎಲ್ಲ ಬದಲಾಗಬೇಕು. ಲಿವರ್‌ಗಳೇ ಜೇಬು ಖಾಲಿ ಮಾಡುತ್ತವೆ. ಇಷ್ಟೆಲ್ಲ ಮಾಡಿ ಹಿಂದೆ ಮತ್ತೆ 11ರಿಂದ 28ರ ಕ್ಯಾಸೆಟ್ಟೇ ಕೂರಿಸಿದರೆ ಮೊಣಕಾಲಿಗೆ ಏನು ಫರಕ್ಕು? ಹಗುರದ ಗೇರು ಅದೇ 34ಕ್ಕೆ 28. ನನ್ನ ಗೆಳೆಯನ ಹನ್ನೊಂದು ಸ್ಪೀಡಿನ ಸೈಕಲ್ ಇದೆ, ಬೆಲೆ ನನ್ನದರ ಮೂರು ಪಟ್ಟು. ಮುಂದೆ 52 ಮತ್ತು 36, ಹಿಂದೆ 28ರವರೆಗೆ. ಅವನ ಅತಿ ಹಗುರ ಗೇರು ನನ್ನದಕ್ಕಿಂತ ಭಾರ. ಅವನು 22 ಗೇರ್ ಅಂತ ಹೇಳಿದಾಗ ಟೀ ಅಂಗಡಿಯವರಿಗೆ ಸಮಾಧಾನ ಆಗುತ್ತದೆ, ಅದು ಬೇರೆ ವಿಷಯ.

ಎಂಟು ಸ್ಪೀಡಿನಲ್ಲೇ ಉಳಿದು ಹಲ್ಲು ಮಾತ್ರ ಬದಲಿಸುವ ದಾರಿ ಇದೆ. ಎಂಟರ ಕ್ಯಾಸೆಟ್‌ಗಳಲ್ಲಿ ಎರಡು ನನಗೆ ಹೊಂದುವಂತಿದ್ದವು. ಒಂದು 34ರವರೆಗೆ ಹೋಗುವುದು, ಇನ್ನೊಂದು 32ರವರೆಗೆ. 34ರದರಲ್ಲಿ ಕೊನೆಯ ಹೆಜ್ಜೆ 26ರಿಂದ ಸೀದಾ 34ಕ್ಕೆ. ಏರಿನ ಮಧ್ಯೆ ಕಾಲು ಒಮ್ಮೆಲೇ ಗಾಳಿಯಲ್ಲಿ ತಿರುಗಿದ ಹಾಗಾಗುತ್ತದೆ. 32ರದರಲ್ಲಿ 24, 28, 32 ಅಂತ ಸಮನಾಗಿ ಹೋಗುತ್ತದೆ. ನಾನು ಅದನ್ನೇ ಆರಿಸಿದೆ. ಬೆಟ್ಟದ ಮೇಲೆ ವಾಸ ಇರುವವರಾದರೆ 34 ತಗೊಳ್ಳಲಿ.

ತೊಡಕು ಇರೋದು ಡಿರೇಲರ್‌ನಲ್ಲಿ. ಅದರ ಕೆಳಗಿನ ಎರಡು ಪುಟ್ಟ ಚಕ್ರಗಳಿರುವ ತೋಳು ಗಿಡ್ಡವಿದ್ದರೆ ದೊಡ್ಡ ಹಲ್ಲಿಗೆ ತಾಗುತ್ತದೆ, ಇಲ್ಲವೇ ಉಳಿದ ಚೈನನ್ನು ಎಳೆದು ಹಿಡಿಯಲಾರದು. ಇದಕ್ಕೂ ಒಂದು ಲೆಕ್ಕ ಇದೆ. ಮುಂದಿನ ಎರಡರ ವ್ಯತ್ಯಾಸ 16, ಹಿಂದಿನ ದೊಡ್ಡದು ಚಿಕ್ಕದರ ವ್ಯತ್ಯಾಸ 21, ಕೂಡಿದರೆ 37. ಅಷ್ಟು ತಾಳುವ ಉದ್ದ ತೋಳಿನ ಡಿರೇಲರ್ ಬೇಕು. ನನ್ನದು ಗಿಡ್ಡ. ಇಲ್ಲಿ ಶಿಮಾನೊ ಹಳೆ ಪದ್ಧತಿಯ ಒಂದು ಉಪಕಾರ ಇದೆ. ಎಂಟು ಸ್ಪೀಡಿನ ರೋಡ್ ಲಿವರ್ ಎಳೆಯುವಷ್ಟೇ ಕೇಬಲ್ಲಿಗೆ ಎಂಟು, ಒಂಬತ್ತು ಸ್ಪೀಡಿನ ಅವರದೇ ಎಂಟಿಬಿ ಡಿರೇಲರ್‌ಗಳೂ ಸರಿಯಾಗಿ ಕೆಲಸ ಮಾಡುತ್ತವೆ. ಆಲ್ಟಸ್, ಏಸೆರಾ ಅಂಥವು. ಹೆಚ್ಚು ಸ್ಪೀಡಿನ ಹೊಸ ಸೆಟ್‌ಗಳಲ್ಲಿ ರೋಡ್‌ನದು ಎಂಟಿಬಿಗೆ ಹೀಗೆ ಕೂರುವುದಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಇರುವುದಕ್ಕೂ ಒಂದು ಲಾಭ ಇದೆ ನೋಡಿ. ಒಂದು ಆಲ್ಟಸ್, ಒಂದು ಕ್ಯಾಸೆಟ್, ಒಂದು ಚೈನು ತರಿಸಿದೆ. ಎಲ್ಲ ಸೇರಿ ಐದು ಸಾವಿರದ ಒಳಗೆ ಮುಗಿಯಿತು.

ಚಾಚಾನ ಅಂಗಡಿ

ಕೌಲ್ ಬಜಾರ್‌ನಲ್ಲಿ ನಾನು ಹೋಗುವ ಸೈಕಲ್ ರಿಪೇರಿ ಅಂಗಡಿಗೆ ಬೋರ್ಡಿಲ್ಲ. ಚಾಚಾ ಅಂದರೆ ಎಲ್ಲರಿಗೂ ಗೊತ್ತು. ಅವರು ಫ್ರೀವೀಲ್ ಬಿಚ್ಚುವುದು ಚಾಣ ಮತ್ತು ಸುತ್ತಿಗೆಯಿಂದ, ರಿಮ್ಮಿನ ಬೆಂಡ್ ತೆಗೆಯುವುದು ಕಣ್ಣಳತೆಯಿಂದ. ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಬಿಚ್ಚುವ ಹಲ್ಲಿನ ಟೂಲನ್ನು ನಾನೇ ತರಿಸಿಕೊಂಡು ಹೋಗಿದ್ದೆ. ಚಾಚಾ ಚಕ್ರವನ್ನು ಗೋಣಿಚೀಲದ ಮೇಲೆ ಮಲಗಿಸಿ, ಟೂಲ್ ಕೂರಿಸಿ, ಸ್ಪ್ಯಾನರ್ ಹಾಕಿ ತಿರುಗಿಸಿದರು. ಕ್ಯಾಸೆಟ್ಟೂ ಜೊತೆಗೇ ತಿರುಗಿತು. ತಿರುಗಲೇಬೇಕಲ್ಲ, ಆ ದಿಕ್ಕಿಗೆ ಅದು ಖಾಲಿ ಸುತ್ತುತ್ತದೆ. ಅದನ್ನು ಹಿಡಿದಿಡಲು ಚೈನ್ ಕಟ್ಟಿದ ಹಿಡಿಕೆ ಒಂದು ಬೇಕು ಅಂತ ಮೊಬೈಲಿನಲ್ಲಿ ಫೋಟೊ ತೋರಿಸಿದೆ.

ಚಾಚಾ ಫೋಟೊ ನೋಡಿದರು. ಏನೂ ಮಾತಾಡದೆ ಒಳಗೆ ಹೋಗಿ ಒಂದಡಿ ಉದ್ದದ ಕಬ್ಬಿಣದ ಪಟ್ಟಿ ತಂದರು. ಹಳೆ ಸೈಕಲ್ ಚೈನಿನ ರಾಶಿಯಿಂದ ಒಂದು ತುಂಡು ಎಳೆದರು. ಪಟ್ಟಿಯ ತುದಿಗೆ ತೂತು ಹಾಕಿ, ಚೈನಿನ ತುದಿಯ ಕೊಂಡಿಯನ್ನು ಅದಕ್ಕೆ ಸೇರಿಸಿ ರಿವೆಟ್ ಹೊಡೆದರು. ಟೀ ಬರುವಷ್ಟರಲ್ಲಿ ಟೂಲ್ ತಯಾರು. ‘ಹಲ್ಲು ಕೂಡ್ತದಾ ಚಾಚಾ? ಇದು ದಪ್ಪ ಚೈನು’ ಅಂದೆ. ‘ದಪ್ಪ ಇದ್ರೇನು, ಕೊಂಡಿ ಕೊಂಡಿಗೆ ಅರ್ಧ ಇಂಚು. ನಮ್ಮಪ್ಪನ ಕಾಲದಾಗೂ ಅರ್ಧ ಇಂಚು, ನಿನ್ನ ಗೇರ್ ಸೈಕಲ್ಲಿಗೂ ಅರ್ಧ ಇಂಚು’ ಅಂದರು. ನಿಜ. ಹಾಲು ಮಾರುವವರ ಅಟ್ಲಾಸಿಗೂ ಲಕ್ಷದ ರೇಸ್ ಸೈಕಲ್ಲಿಗೂ ಅದೊಂದು ಅಳತೆ ಬದಲಾಗಿಲ್ಲ, ಅಗಲ ಮಾತ್ರ ಕಡಿಮೆಯಾಗಿದೆ. ದೊಡ್ಡ ಹಲ್ಲಿಗೆ ಆ ತುಂಡನ್ನು ಸುತ್ತಿ ಪಟ್ಟಿಯ ಮೇಲೆ ನನ್ನ ಕಾಲಿಡಿಸಿ, ಅವರು ಸ್ಪ್ಯಾನರ್ ಮೇಲೆ ಭಾರ ಬಿಟ್ಟರು. ಕರ್ರ್ ಅಂತ ಒಂದು ಸದ್ದು. ಏನೋ ಮುರಿಯಿತು ಅಂದುಕೊಂಡೆ. ಲಾಕ್‌ರಿಂಗ್ ಬಿಚ್ಚಿಕೊಂಡಿತ್ತು, ಅದು ಬಿಚ್ಚುವುದೇ ಆ ಸದ್ದಿನಲ್ಲಿ.

ಹಳೆ ಕ್ಯಾಸೆಟ್ ಕೈಗೆ ಬಂದಾಗ ಚಾಚಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದರಾಗ ಗೋಲಿಯಿಲ್ಲ, ಕುತ್ತಿಯಿಲ್ಲ. ಫ್ರೀವೀಲ್ ಎಲ್ಲೈತೆ ತಮ್ಮಾ?’ ಅಂದರು. ಕುತ್ತಿ ಅಂದರೆ ಫ್ರೀವೀಲನ್ನು ಒಂದೇ ಕಡೆ ಖಾಲಿ ಸುತ್ತಲು ಬಿಡುವ ಪುಟ್ಟ ಕೊಕ್ಕೆ. ಚಕ್ರದ ನಡುವಿನ ಹಬ್‌ಗೆ ಅಂಟಿಕೊಂಡೇ ಉಳಿದ ಗೀರುಗೀರಿನ ಕೊಳವೆಯನ್ನು ತೋರಿಸಿದೆ. ಬೆರಳಲ್ಲಿ ತಿರುಗಿಸಿದರು. ಟಿಕ್ ಟಿಕ್ ಅಂತು. ‘ಓಹೋ, ಯಂತ್ರ ಹಬ್ಬಿನಾಗೇ ಇಟ್ಟಾರೆ, ಹಲ್ಲು ಮಾತ್ರ ಬದಲಿ ಮಾಡೋದು. ಶಾಣ್ಯಾರು’ ಅಂದರು. ಆ ಗೀರುಗಳಲ್ಲಿ ಒಂದರ ಅಗಲ ಮಾತ್ರ ಬೇರೆ, ಹಾಗಾಗಿ ಹಲ್ಲುಗಳು ಒಂದೇ ರೀತಿಯಲ್ಲಿ ಕೂರುತ್ತವೆ ಅನ್ನುವುದನ್ನು ನಾನು ಹೇಳುವ ಮೊದಲೇ ಅವರ ಹೆಬ್ಬೆರಳು ಕಂಡುಹಿಡಿದಿತ್ತು.

ಹಲ್ಲುಗಳ ಸಂದಿಯಲ್ಲಿ ಕೆಂಪು ಮಣ್ಣು ಎಣ್ಣೆ ಸೇರಿ ಗಟ್ಟಿಯಾಗಿ ಕೂತಿತ್ತು. ತೋರಣಗಲ್ಲು, ಸಂಡೂರು ರಸ್ತೆಯ ಅದಿರಿನ ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮೊದಲಿನ ವರ್ಷಗಳಲ್ಲಿ ಈ ರಸ್ತೆಯಲ್ಲಿ ಸೈಕಲ್ ಇರಲಿ, ಕಾರಿನಲ್ಲಿ ಹೋಗಲೂ ಹೆದರಿಕೆ ಆಗುತ್ತಿತ್ತು. ಈಗ ಅಷ್ಟಿಲ್ಲ, ಆದರೆ ಧೂಳು ಇದ್ದೇ ಇದೆ. ಚಿನ್ನ ಬೆಳ್ಳಿಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಅದು ಎಣ್ಣೆ ಜೊತೆ ಸೇರಿ ಚೈನಿನೊಳಗೆ ಹೋದರೆ ಹಗಲೂ ರಾತ್ರಿ ತಿಕ್ಕುವ ಕೆಲಸ ಮಾಡುತ್ತದೆ. ಚಾಚಾ ಹಳೆ ಚೈನಿನ ಮೇಲೆ ಸ್ಕೇಲ್ ಇಟ್ಟರು. ಹೊಸದರಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ. ಅರ್ಧ ನೂಲು ಜಾಸ್ತಿ ಬಂದರೆ ಚೈನ್ ಬದಲಿಸಬೇಕು, ಒಂದು ನೂಲು ಬಂದರೆ ಹಲ್ಲುಗಳೂ ಹೋದವು ಅಂತಲೇ ಲೆಕ್ಕ. ನನ್ನದು ಎರಡರ ನಡುವೆ ಇತ್ತು. ಬಳ್ಳಾರಿ ಕಡೆಯವರು ಬೇರೇನೂ ಅಪ್‌ಗ್ರೇಡ್ ಮಾಡದಿದ್ದರೂ ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಚೈನು ತೊಳೆಯುವ ಅಭ್ಯಾಸ ಒಂದು ಮಾಡಿಕೊಂಡರೆ ದುಡ್ಡು ಉಳಿಯುತ್ತದೆ.

ಹೊಸ ಚೈನನ್ನು ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಡಿರೇಲರ್ ಬಿಟ್ಟು ಸುತ್ತಿ, ಎರಡು ಕೊಂಡಿ ಜಾಸ್ತಿ ಬಿಟ್ಟು ಕತ್ತರಿಸಿದೆವು. ಡಿರೇಲರ್ ಹಿಂದಿನ ಪುಟ್ಟ ಸ್ಕ್ರೂ ತಿರುಗಿಸಿ ಮೇಲಿನ ಚಕ್ರ 32ಕ್ಕೆ ಉಜ್ಜದ ಹಾಗೆ ಮಾಡಿದೆವು. ಉಳಿದದ್ದು ಕೇಬಲ್ ಬಿಗಿ ಮಾಡುವ, ಸಡಿಲ ಮಾಡುವ ಕೆಲಸ. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ, ತಾಳ್ಮೆ ಬೇಕು.

ಆರು ಸುತ್ತು

ಕಾಗದದ ಮೇಲೆ ಸಿಕ್ಕ ಲಾಭ ನೋಡಿದರೆ ನಗು ಬರುತ್ತದೆ. ಗಂಟೆಗೆ 7 ಕಿ.ಮೀ. ವೇಗದಲ್ಲಿ ಹತ್ತುವಾಗ ಮೊದಲು ನಿಮಿಷಕ್ಕೆ 46 ಸುತ್ತು ತುಳಿಯುತ್ತಿದ್ದೆ. ಈಗ 52. ಆರು ಸುತ್ತು ಜಾಸ್ತಿ, ಪ್ರತಿ ಸುತ್ತಿನಲ್ಲಿ ಒತ್ತಬೇಕಾದ ಬಲ ಎಂಟರಲ್ಲಿ ಒಂದು ಪಾಲು ಕಡಿಮೆ. ಇಷ್ಟೇ. ಬೆಟ್ಟ ಹತ್ತಲು ಬೇಕಾದ ಶಕ್ತಿ ಒಂದು ಚೂರೂ ಕಡಿಮೆಯಾಗುವುದಿಲ್ಲ, ಅದನ್ನು ಕೊಡುವ ಕಂತು ಚಿಕ್ಕದಾಗುತ್ತದೆ. ಮೊಣಕಾಲಿಗೆ ಮಾತ್ರ ಆ ಎಂಟರಲ್ಲೊಂದು ಪಾಲು ಚೆನ್ನಾಗಿ ಗೊತ್ತಾಗುತ್ತದೆ. ಮುಂಚೆ ಇಳಿಯುತ್ತಿದ್ದ ತಿರುವಿನಲ್ಲಿ ಈಗ ಕೂತೇ ಹೋಗುತ್ತೇನೆ. ಏದುಸಿರು ಅಷ್ಟೇ ಇದೆ, ಚುಚ್ಚು ಇಲ್ಲ.

ಪುಕ್ಕಟೆ ಏನೂ ಬಂದಿಲ್ಲ. ಹೊಸ ಕ್ಯಾಸೆಟ್ಟಿನಲ್ಲಿ 11, 13, 15 ಆದ ಮೇಲೆ 18, 21. ನಡುವಿನ 17, 19 ಹೋದವು. ಜೂನ್ ಜುಲೈನಲ್ಲಿ ಬಳ್ಳಾರಿಯಿಂದ ಪಶ್ಚಿಮಕ್ಕೆ ಹೊರಟರೆ ಎದುರುಗಾಳಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಗಾಳಿಯಲ್ಲಿ 15 ಭಾರ, 18 ಹಗುರ. ನನಗೆ ಬೇಕಾದದ್ದು ಆ 17, ಅದು ಚಾಚಾನ ಅಂಗಡಿಯ ಡಬ್ಬದಲ್ಲಿದೆ. ಗೆಳೆಯನ ಹನ್ನೊಂದು ಸ್ಪೀಡಿನ ಲಾಭ ಇರುವುದು ಇಲ್ಲಿ, ಅವನಿಗೆ ಹೆಜ್ಜೆಗಳು ಹತ್ತಿರ ಹತ್ತಿರ ಇರುತ್ತವೆ. ಏಣಿಯ ಮೇಲಿನ ಮೆಟ್ಟಿಲಿಗೆ ಹೋಗುವವರು ಕೊಳ್ಳುವುದು ಇದನ್ನೇ, ಅದಕ್ಕೆ ಬೆಲೆಯಿಲ್ಲ ಅಂತ ನಾನು ಅನ್ನುವುದಿಲ್ಲ. ನನ್ನ ಓಡಾಟದಲ್ಲಿ ಹೆಚ್ಚಿನ ಪಾಲು ಸಪಾಟು ರಸ್ತೆ ಮತ್ತು ಗಾಳಿ. ಅಪರೂಪದ ಏರಿಗೋಸ್ಕರ ದಿನದ ಒಂದು ಸುಖ ಬಿಟ್ಟುಕೊಟ್ಟ ಹಾಗಾಯಿತು.

ಆದರೂ ಮತ್ತೆ ಆರಿಸು ಅಂದರೆ ಇದನ್ನೇ ಆರಿಸುತ್ತೇನೆ. ನಡುವಿನ ಗೇರು ತಪ್ಪಿದರೆ ಸ್ವಲ್ಪ ಕಿರಿಕಿರಿ, ಮನೆಗಂತೂ ಬಂದೇ ಬರುತ್ತೇನೆ. ಕೊನೆಯ ಗೇರು ಇಲ್ಲದಿದ್ದರೆ ಕೆಲವು ರಸ್ತೆಗಳಿಗೆ ಹೋಗುವುದೇ ಇಲ್ಲ. ನಾನೇ ನೋಡಿ, ರಾಮಗಡದ ಯೋಚನೆ ಬಂದಾಗಲೆಲ್ಲ ಸುಮ್ನೆ ಸಿರುಗುಪ್ಪ ಕಡೆ ತಿರುಗುತ್ತಿದ್ದೆ. ಈಗ ರವಿವಾರ ಯಾವ ಕಡೆ ಅನ್ನುವ ಪ್ರಶ್ನೆಗೆ ನಾರಿಹಳ್ಳ ಡ್ಯಾಮಿನ ಆಚೆಗಿನ ರಸ್ತೆಗಳೂ ಲೆಕ್ಕಕ್ಕೆ ಬರುತ್ತವೆ.

ಲಾಕ್‌ರಿಂಗ್ ಟೂಲನ್ನು ಚಾಚಾ ವಾಪಸ್ ಕೊಟ್ಟಿಲ್ಲ. ‘ನೀ ವರ್ಷಕ್ಕೊಮ್ಮೆ ಬಿಚ್ಚಾವ, ಮನ್ಯಾಗ ಇಟ್ಟು ಏನ್ಮಾಡ್ತಿ? ಇಲ್ಲೇ ಇರ್ಲಿ’ ಅಂದರು. ಪಟ್ಟಿಗೆ ಚೈನು ಹೊಡೆದ ಅವರ ಟೂಲ್ ಪಕ್ಕದಲ್ಲೇ ಅದೂ ಮೊಳೆಗೆ ನೇತಾಡುತ್ತಿದೆ. ಮೊನ್ನೆ ಹೋದಾಗ ಕಾಲೇಜು ಹುಡುಗನೊಬ್ಬ ತನ್ನ ಸೈಕಲ್ ತಂದು ನಿಂತಿದ್ದ, ಒಂಬತ್ತು ಸ್ಪೀಡು ಮಾಡಿಸಬೇಕಂತೆ. ಚಾಚಾ ಬೀಡಿ ಪಕ್ಕಕ್ಕಿಟ್ಟು ಕೇಳಿದರು, ‘ಅದು ಇರ್ಲಿ, ಈಗ ದೊಡ್ಡ ಹಲ್ಲು ಎಷ್ಟೈತೆ ಎಣಿಸೀಯಾ?’